ಸಕ್ಕರೆ ಸಾಕ್ಷಿ ಹೇಳಲಿಲ್ಲ

ನನ್ನ ಅಣ್ಣ ಹೊನ್ನಾವರದ ಕೋರ್ಟಿನಲ್ಲಿ ಸಮನ್ಸ್ ಜಾರಿ ಮಾಡುವ ಬೇಲಿಫನಾಗಿದ್ದ. ಕರ್ಕಿಯ ನಮ್ಮ ಮನೆಯಿಂದ ಹೊರಟು, ಭಟ್ಕಳದ ದಾರಿಯ ಹಳ್ಳಿಗಳನ್ನೆಲ್ಲ ನಡೆದೇ ಸುತ್ತುತ್ತಿದ್ದ. ಅವನ ತಲೆ ದೂರದಲ್ಲಿ ಕಂಡರೆ ಸಾಕು, ಊರಿನ ಗಂಡಸರೆಲ್ಲ ಹಿತ್ತಲ ಬಾಗಿಲಿನಿಂದ ಮಾಯವಾಗುತ್ತಿದ್ದರು. ಯಮನನ್ನು ಬಿಟ್ಟರೆ ಇಷ್ಟು ಮರ್ಯಾದೆ ಸಿಕ್ಕ ಅಧಿಕಾರಿ ಇನ್ನೊಬ್ಬನಿಲ್ಲವೆಂದು ನಮ್ಮ ಮನೆಯವರ ಹೆಮ್ಮೆ.

ಯುದ್ಧದ ಕಾಲ. ಸರಕಾರ ಎಲ್ಲರಿಗೂ ಅಳೆದು ಕೊಡುತ್ತಿದ್ದ ಸಕ್ಕರೆ ಅಣ್ಣನ ಮೈಯಲ್ಲಿ ಧಾರಾಳವಾಗಿ ದಾಸ್ತಾನಾಗಿದೆಯೆಂದು ಊರ ದವಾಖಾನೆಯ ಡಾಕ್ಟರು ಕಂಡುಹಿಡಿದರು. ಬಲಪಾದದ ಹುಣ್ಣು ತಿಂಗಳುಗಟ್ಟಲೆ ಮಾಯದೆ ಉಳಿದಿತ್ತು. ಕಾಲಿಗೆ ಮುಳ್ಳು ಹೊಕ್ಕರೂ ಅಣ್ಣನಿಗೆ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅತ್ತಿಗೆ ನೋಡಿ ಹೇಳಬೇಕು. ಇನ್ನೂ ನಡೆದರೆ ಕಾಲು ಉಳಿಯುವುದಿಲ್ಲ ಎಂದರು ಡಾಕ್ಟರು.

ನಡೆಯದಿದ್ದರೆ ನೌಕರಿ ಉಳಿಯುವುದಿಲ್ಲ. ತಾನಾಗಿ ಬಿಟ್ಟರೆ ಪೆನ್ಶನ್ ಇಲ್ಲ. ರೋಗದಿಂದ ಕೆಲಸಕ್ಕೆ ಬಾರದವನಾಗಿದ್ದಾನೆಂದು ಜಿಲ್ಲೆಯ ದೊಡ್ಡ ಡಾಕ್ಟರು ಬರೆದುಕೊಟ್ಟರೆ ಮಾತ್ರ ಅಶಕ್ತರ ಪೆನ್ಶನ್. ಹೀಗಾಗಿ ಅಣ್ಣನ ರೋಗ ಸಾಬೀತಾಗಲೆಂದು ನಾವೆಲ್ಲ ದೇವರಲ್ಲಿ ಬೇಡಿಕೊಳ್ಳುವ ಕಾಲ ಬಂತು.

ದೊಡ್ಡ ಡಾಕ್ಟರು ಹೊನ್ನಾವರದಲ್ಲಿ ಮುಕ್ಕಾಮು ಮಾಡುವ ದಿನ ಗೊತ್ತಾಯಿತು. ದೊಡ್ಡ ಕೆಲಸಕ್ಕೆ ಹೊರಡುವ ಮುಂಚೆ ಇಡಗುಂಜಿ ಗಣಪತಿಗೆ ಹೇಳಿಕೊಂಡು ಉಪವಾಸವಿರುವುದು ನಮ್ಮ ಮನೆಯ ಪದ್ಧತಿ. ಅತ್ತಿಗೆ ತೆಂಗಿನಕಾಯಿ ತೆಗೆದಿಟ್ಟು ಪಂಚಕಜ್ಜಾಯದ ಹರಕೆ ಹೊತ್ತಳು. ಅಣ್ಣ ಬರೀ ಶುಂಠಿ ಕಷಾಯದ ಮೇಲೆ ಕುಳಿತ.

"ಒಂದು ಬಾಳೆಹಣ್ಣಾದ್ರೂ ತಿನ್ನಲಾಗ್ದಾ?" ಎಂದೆ.

"ಬಾಳೆಹಣ್ಣಿನ ಉಪಾಸ ದೇವ್ರು ಲೆಕ್ಕಕ್ಕೆ ಹಿಡಿತ್ನಿಲ್ಲೆ, ತಮಾ" ಎಂದಳು ಅತ್ತಿಗೆ.

ಮೂರನೆಯ ದಿನ ಅಣ್ಣನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ದೊಡ್ಡ ಡಾಕ್ಟರು ಮರಾಠಿಯವರು. ಅವರ ಮಾತನ್ನು ಕಂಪೌಂಡರ್ ಕನ್ನಡಕ್ಕೆ ತರುತ್ತಿದ್ದ. ಅಣ್ಣನ ಮೂತ್ರವನ್ನು ಗಾಜಿನ ನಳಿಕೆಯ ನೀಲಿ ಔಷಧಕ್ಕೆ ಹಾಕಿ ದೀಪದ ಮೇಲೆ ಕಾಯಿಸಿದರು. ಸಕ್ಕರೆಯಿದ್ದರೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಬೇಕು. ಕುದಿಯಿತು, ಉಕ್ಕಿತು, ನೀಲಿಯಾಗಿಯೇ ಉಳಿಯಿತು. ಎಷ್ಟೋ ಸುಳ್ಳುಸಾಕ್ಷಿಗಳನ್ನು ಕೋರ್ಟಿಗೆ ಹಾಜರುಪಡಿಸಿದ್ದ ಅಣ್ಣನಿಗೆ ತನ್ನ ಒಂದೇ ಒಂದು ಸತ್ಯಸಾಕ್ಷಿ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು.

"ಸಾಹೇಬರು ಹೇಳ್ತಾರೆ, ನಿಮಗೆ ರೋಗವೇ ಇಲ್ಲ. ಹುಣ್ಣಿಗೆ ಮುಲಾಮು ಹಚ್ಚಿ. ಕೆಲಸಕ್ಕೆ ಹೋಗಬಹುದು" ಎಂದ ಕಂಪೌಂಡರ್.

ಸಾಹೇಬರು ಪ್ರೀತಿಯಿಂದ ಅಣ್ಣನ ಬೆನ್ನು ತಟ್ಟಿದರು.

ಮನೆಗೆ ಬಂದು ಹೇಳಿದರೆ ಅತ್ತಿಗೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಒಂದು ಚೂರೂ ಇಲ್ಲೆ?" ಎಂದು ಎರಡು ಸಲ ಕೇಳಿದಳು. ಆಮೇಲೆ ಕೈಮುಗಿದಳು. ಪೆನ್ಶನ್ ಕೇಳಿದರೆ ದೇವರು ಆರೋಗ್ಯವನ್ನೇ ಕೊಟ್ಟ. ಹರಕೆ ತೀರಿಸದೆ ಇರುವುದು ಹೇಗೆ? ಇಡಗುಂಜಿಗೆ ಹೋದೆವು. ಪಂಚಕಜ್ಜಾಯ ಬೆಲ್ಲದ್ದೇ ಆದರೂ ಪ್ರಸಾದವಾದ್ದರಿಂದ ಬೇಡವೆನ್ನುವಂತಿಲ್ಲ. ಮೂರು ದಿನ ಹಸಿದಿದ್ದವನು ಬೊಗಸೆ ಒಡ್ಡಿ ತಿಂದ.

ಊರ ಡಾಕ್ಟರು ಸಂಗತಿ ಕೇಳಿ ಹಣೆ ಚಚ್ಚಿಕೊಂಡರು. "ಉಪವಾಸ ಕೂತವನ ಮೂತ್ರದಲ್ಲಿ ಸಕ್ಕರೆ ಎಲ್ಲಿಂದ ಬರಬೇಕು? ಉಂಡು ಹೋಗಬೇಕಿತ್ತಲ್ಲ ಮಾರಾಯರೆ." ಅವರ ನಳಿಕೆಯಲ್ಲಿ ಅದೇ ದಿನ ಇಟ್ಟಿಗೆಯ ಬಣ್ಣ ಬಂತು. ಮರುಪರೀಕ್ಷೆಗೆ ಅರ್ಜಿ ಕೊಟ್ಟೆವು. ದೊಡ್ಡ ಡಾಕ್ಟರ ಅಭಿಪ್ರಾಯ ಆಗಲೇ ಬಂದಿರುವುದರಿಂದ ಊರ ಡಾಕ್ಟರದು ಬೇಕಾಗಿಲ್ಲ, ನೌಕರ ಕೂಡಲೇ ಹಾಜರಾಗತಕ್ಕದ್ದು ಎಂದು ಉತ್ತರ ಬಂತು.

ಅಣ್ಣ ಹಾಜರಾದ. ಪಾದಕ್ಕೆ ಬಟ್ಟೆ ಸುತ್ತಿ, ಮೊದಲಿನಂತೆ ಸಮನ್ಸ್ ಹಿಡಿದು ನಡೆದ. ಈಗ ಅವನನ್ನು ಕಂಡು ಯಾರೂ ಓಡುತ್ತಿರಲಿಲ್ಲ. ಅವನು ಅಂಗಳ ದಾಟುವುದರೊಳಗೆ ಊಟ ಮುಗಿಸಿ ಎದ್ದು ಹೋಗುವಷ್ಟು ಸಮಯವಿರುತ್ತಿತ್ತು. ಮಳೆಗಾಲ ಮುಗಿಯುವಾಗ ಕಾಲ್ಬೆರಳುಗಳು ಕಪ್ಪಾದವು. ಕುಮಟೆಗೆ ಒಯ್ದು ಮೊಣಕಾಲಿನ ಕೆಳಗೆ ಕಾಲು ತೆಗೆಸಿಕೊಂಡು ಬಂದೆವು.

ಮತ್ತೊಂದು ಅರ್ಜಿ ಕೊಟ್ಟೆವು. ಎರಡನೆಯ ಪರೀಕ್ಷೆಗೆ ಕರೆ ಬಂದಾಗ ನಾವು ಬುದ್ಧಿ ಕಲಿತಿದ್ದೆವು. ಕೇರಿಯ ಮನೆಮನೆಯವರೂ ರೇಷನ್ ಸಕ್ಕರೆಯಲ್ಲಿ ಒಂದೊಂದು ಹಿಡಿ ತಂದುಕೊಟ್ಟರು. ಬೆಳಿಗ್ಗೆ ಅತ್ತಿಗೆ ಪಾಯಸ ಮಾಡಿದಳು. ಕಣ್ಣೊರೆಸಿಕೊಳ್ಳುತ್ತ ಬಡಿಸಿದಳು, ಅಣ್ಣ ಔಷಧ ಕುಡಿಯುವವನಂತೆ ಕುಡಿದ. ಮೂತ್ರದ ಬಾಟಲಿಯನ್ನು ಪಂಚೆಯಲ್ಲಿ ಸುತ್ತಿ ನಾನು ತೊಡೆಯ ಮೇಲಿಟ್ಟುಕೊಂಡೆ.

ಅದೇ ಸಾಹೇಬರು. ಅಣ್ಣ ಊರುಗೋಲಿನ ಮೇಲೆ ಬಾಗಿಲಲ್ಲಿ ನಿಂತಿದ್ದ. ಅವರು ತಲೆಯೆತ್ತಿ ಒಮ್ಮೆ ಕೆಳಗೆ ನೋಡಿ, ಮತ್ತೆ ಬರೆಯತೊಡಗಿದರು. ನಾನು ಬಾಟಲಿ ಮುಂದೆ ಹಿಡಿದೆ.

"ಅದು ಬೇಡ" ಎಂದ ಕಂಪೌಂಡರ್. "ಕಾಲೇ ಇಲ್ಲವಲ್ಲ, ಇನ್ನು ಪರೀಕ್ಷೆ ಎಂತಕ್ಕೆ? ಪೆನ್ಶನ್ ಆತು."

ಗಾಡಿಯಲ್ಲಿ ಹಿಂದಿರುಗಿದೆವು. ಕರ್ಕಿ ಹತ್ತಿರವಾದಾಗ ಅಣ್ಣ ನನ್ನ ತೊಡೆಯ ಮೇಲಿನ ಬಾಟಲಿಯನ್ನು ನೋಡಿ, "ಕೇರಿಯವರ ಸಕ್ಕರೆ ದಂಡ ಆತು, ತಮಾ" ಎಂದ.