ಅಜ್ಜಿಯ ಅರಿವೆ

“ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ” ಎಂಬ ಗಾದೆಗೆ ಬಾಲ್ಯದಲ್ಲಿ ನಕ್ಕವಳು ನಾನು. ಅಜ್ಜಿಗೆ ಆ ಚಿಂತೆ ಏಕೆ ಬಂತೆಂದು, ಕನ್ನಡ ಎಂ.ಎ. ಮುಗಿಸಿದ ಮೇಲೂ ಕೇಳಿಕೊಂಡಿರಲಿಲ್ಲ.

ಕಲಬುರಗಿಯಲ್ಲಿ ನಾವು ನಡೆಸಿದ ಜನಪದ ಗೋಷ್ಠಿಗೆ ಬೀಸುವ ಪದ ಹಾಡಲು ಕಮಲಾಪುರದ ಶಾಂತಮ್ಮನವರನ್ನು ಕರೆಸಿದ್ದೆ. ಎಪ್ಪತ್ತು ದಾಟಿದ ಅವರು ಗಿಳಿಹಸಿರು ಜಾರ್ಜೆಟ್ ಸೀರೆ, ಬುಗ್ಗೆ ತೋಳಿನ ರವಿಕೆ, ಕಪ್ಪು ಕನ್ನಡಕ ಧರಿಸಿ ಬಸ್ಸಿನಿಂದ ಇಳಿದರು. ವೇದಿಕೆಯ ಹಿಂದೆ, ನಾನು ತಂದಿರಿಸಿದ್ದ ಮಾಸಿದ ಇಳಕಲ್ ಸೀರೆಯನ್ನು ಅವರ ಮುಂದೆ ಹಿಡಿದೆ.

“ಈ ಹಾಡಿಗೆ ಇದೇ ಒಪ್ತದ್ರಿ ಅವ್ವಾ. ಉಟ್ಕೊಳ್ರಿ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಹರೇದಾಗ ಹರಕೇ ಉಟ್ಟೀನಿ ತಂಗಿ. ಆವಾಗ ಯಾರೂ ಸೀರಿ ಹಿಡ್ಕೊಂಡು ಬರಲಿಲ್ಲ. ಈಗ ಚಲೋದು ಉಟ್ಟು ಬಂದ್ರ ಮಾಸಿದ್ದು ಉಡು ಅನ್ನಾಕತ್ತಿ. ನಿನಗ ಹಾಡು ಬೇಕೋ, ನನ್ನ ಬಡತನ ಬೇಕೋ?”

ಅವರು ಊರಿಗೆ ಮರಳಲು ಚೀಲ ಎತ್ತಿಕೊಂಡರು.

“ಫೋಟೋಕ್ಕ ಈ ವೇಷ ನಡೆಯಂಗಿಲ್ರಿ,” ಎಂದು ಗೋಷ್ಠಿಯ ಸಂಚಾಲಕರು ಗೊಣಗಿದರು.

ನಾನು ಶಾಂತಮ್ಮನವರನ್ನು ಚೀಲ ಹಿಡಿದು ನಿಲ್ಲಿಸಿ, ಧ್ವನಿವರ್ಧಕದ ಮುಂದೆ ಹೋಗಿ ಸಭೆಗೆ ಹೇಳಿದೆ:

“ಶಾಂತಮ್ಮನವರು ಉಟ್ಟು ಬಂದ ಸೀರೆಯಲ್ಲೇ ಹಾಡುತ್ತಾರೆ. ಮಾಸಿದ ಇಳಕಲ್ ನೋಡಲೇಬೇಕೆನ್ನುವವರಿಗಾಗಿ, ಅದನ್ನು ನಾನು ಉಡುತ್ತೇನೆ.”