ಕಪ್ಪು ಕೊಡೆಯ ಗುರುತು

ನೀರುಗಂಟಿಯವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಕೆರೆಯ ನೀರು ತಡೆಯುವ ತೂಬಿನ ಹಲಗೆ ಬಿದ್ದು ಹೋಗಿತ್ತಂತೆ. ಬಸರಾಳು ಕಡೆಯ ಒಂದು ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವ ಕೆಲಸ ಅವರದು. ಡ್ರೋನಿನಿಂದ ಆ ಕೆರೆಯ ಚಿತ್ರ ತೆಗೆದು ಗಡಿ ಗುರುತಿಸುವ ಕೆಲಸ ನನ್ನದು. ಒತ್ತುವರಿ ಬಿಡಿಸುವುದು, ಹೂಳೆತ್ತುವುದು ಎಲ್ಲಾ ನನ್ನ ನಕ್ಷೆ ಬಂದ ಮೇಲೆ.

ಮೊದಲ ದಿನವೇ ನನ್ನ ಮಾನ ಹೋಯಿತು. ಕೆರೆಯ ಕಾಲುಭಾಗವನ್ನು ಭತ್ತದ ಗದ್ದೆ ಎಂದು ಗುರುತು ಹಾಕಿದ್ದೆ. ಅವರು ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ನೋಡಿದರು.

"ಅಯ್ಯೋ ನಿನ್ನ! ಗದ್ದೆ ಅಲ್ಲ ಕಣಮ್ಮ, ಅಂತರಗಂಗೆ ಕಳೆ. ಇಳಿದು ನೋಡು, ಕತ್ತುಗಂಟ ಮುಳುಗೋಯ್ತೀಯೆ. ಓದಿದೋರು ಆಕಾಸದಿಂದ ನೋಡ್ತೀರಿ. ಕಾಲು ತ್ಯಾವ ಆಗ್ಬೇಕು."

ಆಮೇಲೆ ಅವರಿಲ್ಲದೆ ನಾನು ಒಂದು ಗೆರೆಯನ್ನೂ ಎಳೆಯಲಿಲ್ಲ. ಹಳೆಯ ಗಡಿಕಲ್ಲುಗಳು ಪೊದೆಗಳಲ್ಲಿ ಹೂತಿದ್ದವು, ಮೇಲಿನಿಂದ ಕಾಣುತ್ತಿರಲಿಲ್ಲ. ಅವರು ಒಂದೊಂದನ್ನೇ ಹುಡುಕಿ ಪಕ್ಕದಲ್ಲಿ ಕಪ್ಪು ಕೊಡೆ ಬಿಚ್ಚಿ ನಿಲ್ಲುತ್ತಿದ್ದರು. ಚಿತ್ರದಲ್ಲಿ ಕಪ್ಪು ಚುಕ್ಕಿ ಕಂಡಲ್ಲಿ ಕಲ್ಲು. "ಕೊಡೆ ಇಲ್ದೆ ನಿಂತ್ರೆ ನನ್ನ ಬೋಳುತಲೆನೇ ಬಂಡೆ ಅಂತ ಬರ್ಕೊಬುಡ್ತೀಯೆ" ಎನ್ನುತ್ತಿದ್ದರು.

ಕೊನೆಯ ಕಲ್ಲು ಮಾತ್ರ ಸಿಗಲಿಲ್ಲ. ಇಲ್ಲವೆಂದು ಬರೆದು ಮುಗಿಸೋಣ ಎಂದೆ. ಅವರು ಕೊಡೆ ಹಿಡಿದು ತಮ್ಮ ಮನೆಯ ಹಿತ್ತಿಲಿಗೆ ನಡೆದರು. ಡ್ರೋನ್ ಹಾರಿಸಿದೆ. ಪರದೆಯಲ್ಲಿ ಕೆರೆ, ಅದರ ದಡದಲ್ಲಿ ಹೆಂಚಿನ ಮನೆ, ಮನೆಯ ಹಿಂದೆ ಕಪ್ಪು ಕೊಡೆ. ಅವರ ಹೆಂಡತಿ ದಿನಾ ಬಟ್ಟೆ ಒಗೆಯುತ್ತಿದ್ದ ಕಲ್ಲೇ ಗಡಿಕಲ್ಲು. ಗೆರೆ ಎಳೆದರೆ ಮನೆ ಕೆರೆಯೊಳಗೆ.

ಹೆಂಡತಿ ಓಡಿ ಬಂದರು. "ನಿಂಗೇನು ಬುದ್ದಿಗಿದ್ದಿ ಐತಾ? ಬಾ ಒಳಕ್ಕೆ!"

ಅವರು ಕೊಡೆ ಮಡಿಸಲಿಲ್ಲ. "ಬುಡೇ. ಊರೋರ ಕಲ್ಲೆಲ್ಲಾ ತೋರ್ಸಿವ್ನಿ. ನಂದು ಬಚ್ಚಿಟ್ರೆ ನಾಳೆ ಯಾವ ಮೊಕ ಇಟ್ಕೊಂಡು ತೂಬು ಎತ್ಲಿ?" ನನ್ನ ಕಡೆ ತಿರುಗಿದರು. "ಎಳಿಯಮ್ಮ ಗೆರೆ."

ಎಳೆದೆ. ಏನಾದರೂ ಹೇಳಬೇಕಿತ್ತು. "ಆಯ್ತು" ಎಂದೆ, ಅಷ್ಟೇ.

ಒತ್ತುವರಿ ಬಿಡಿಸುವವರು ಬಂದು ಮನೆ ಕೆಡವಿದರು. ಗಂಡ ಹೆಂಡತಿ ಕೊಪ್ಪದಲ್ಲಿದ್ದ ಮಗಳ ಮನೆಗೆ ಹೋದರು. ಹೋದ ವರ್ಷ ನೀರುಗಂಟಿಯವರು ಅಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಮಳವಳ್ಳಿ ಕಡೆ ಇನ್ನೊಂದು ಕೆರೆಯ ಏರಿಯ ಮೇಲಿದ್ದೆ. ಅಳು ಬರಲಿಲ್ಲ. ಬ್ಯಾಟರಿ ಬದಲಾಯಿಸಿ ಮತ್ತೆ ಹಾರಿಸಿದೆ. ಅಳು ಈಗಲೂ ಬಂದಿಲ್ಲ.

ಈ ಮಳೆಗಾಲ ಆ ಕೆರೆ ತುಂಬಿತು. ಹೊಸ ಚಿತ್ರದಲ್ಲಿ ನೀರು ಒಗೆಯುವ ಕಲ್ಲಿನವರೆಗೆ ಬಂದು ನಿಂತಿದೆ. ನಮ್ಮ ಗೆರೆ ಒಂದಿಷ್ಟಾದರೂ ತಪ್ಪಿರಲಿ ಎಂದು ದೊಡ್ಡದು ಮಾಡಿ ಮಾಡಿ ನೋಡಿದೆ. ಒಂದು ಅಂಗುಲವೂ ತಪ್ಪಿಲ್ಲ.