ಒಪ್ಪಿಗೆಯ ಚೌಕ

ಮಗಳ ಶಾಲೆಯ ಮೊದಲ ಮೀಟಿಂಗಿಗೆ ನಾನು ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಿದ್ದೆ. ಆಗ ನಾವು ಹ್ಯೂಸ್ಟನ್ ಕಡೆ ಇದ್ದೆವು. ಮಗಳಿಗೆ ಐದು ವರ್ಷ, ಮಾತು ಇನ್ನೂ ಹತ್ತು ಹನ್ನೆರಡು ಪದ ದಾಟಿರಲಿಲ್ಲ. ಉದ್ದನೆಯ ಮೇಜಿನ ಸುತ್ತ ಆರು ಜನ ಕೂತಿದ್ದರು: ಟೀಚರು, ಮಾತು ಕಲಿಸುವವರು, ಮಕ್ಕಳನ್ನು ಪರೀಕ್ಷಿಸಿ ವರದಿ ಬರೆಯುವವರು, ಇನ್ನೂ ಯಾರ್ಯಾರೋ. ಎಲ್ಲರೂ ಒಂದೊಂದು ಮಿಠಾಯಿ ತಿಂದು ಚೆನ್ನಾಗಿದೆ ಎಂದರು. ಆಮೇಲೆ ಮಗಳಿಗೆ ಯಾವ ಕ್ಲಾಸು, ಏನೇನು ಸಹಾಯ ಎಂದು ಬರೆದ ನಲವತ್ತು ಪುಟದ ಕಾಗದ ನನ್ನ ಮುಂದೆ ಬಂತು. ಕೊನೆಯ ಪುಟದಲ್ಲಿ ಎರಡು ಚೌಕ. ಒಂದರ ಪಕ್ಕ ‘ಒಪ್ಪುತ್ತೇನೆ’ ಎಂದೂ ಇನ್ನೊಂದರ ಪಕ್ಕ ‘ಒಪ್ಪುವುದಿಲ್ಲ’ ಎಂದೂ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಏನಾದರೂ ಕೇಳುವುದಿದೆಯೇ ಎಂದರು. ಏನೂ ಇಲ್ಲ, ನಿಮಗಿಂತ ನನಗೇನು ಗೊತ್ತು ಎಂದು ಹೇಳಿ ಮೊದಲನೆಯ ಚೌಕಕ್ಕೆ ಟಿಕ್ ಹಾಕಿ ಸಹಿ ಮಾಡಿದೆ. ಮಿಕ್ಕ ಮಿಠಾಯಿಯನ್ನು ಡಬ್ಬಿ ಸಮೇತ ಅಲ್ಲೇ ಬಿಟ್ಟುಬಂದೆ.

ನನ್ನ ಪೆದ್ದುತನಕ್ಕೆ ಒಂದು ಹಿನ್ನೆಲೆ ಇದೆ. ನನ್ನಪ್ಪ ಮೈಸೂರಿನಲ್ಲಿ ಮೇಷ್ಟ್ರಾಗಿದ್ದವರು. ಮಕ್ಕಳ ತಾಯಂದಿರು ನಮ್ಮ ಮನೆಗೆ ಬಂದರೆ ಚಪ್ಪಲಿ ಗೇಟಿನ ಹೊರಗೇ ಬಿಡುತ್ತಿದ್ದರು. ಅಪ್ಪ ಏನು ಹೇಳಿದರೂ ‘ನೀವು ಹೇಳಿದ ಹಾಗೆ ಮೇಷ್ಟ್ರೇ’ ಎನ್ನುತ್ತಿದ್ದರು. ಒಬ್ಬರಾದರೂ ‘ಇಲ್ಲ’ ಅಂದದ್ದನ್ನು ನಾನು ಕೇಳಿಲ್ಲ. ನನ್ನ ಕಣ್ಣಿಗೆ ಅದು ಗೌರವ. ಅದರಲ್ಲಿ ಅರ್ಧ ಭಯವೂ ಇದ್ದಿರಬಹುದು ಎಂದು ಹೊಳೆಯುವುದಕ್ಕೆ ನಾನು ಮೇಜಿನ ಈಚೆ ಕೂರಬೇಕಾಯಿತು.

ಎರಡು ವರ್ಷದ ಮೇಲೆ ಡಾಲಸ್ ಕಡೆ ಶಿಫ್ಟ್ ಆದೆವು. ನಮಗಿಂತ ಮುಂಚೆ ಮಗಳ ಫೈಲ್ ಬಂದು ಹೊಸ ಶಾಲೆಯಲ್ಲಿ ಕೂತಿತ್ತು. ಆ ನಲವತ್ತು ಪುಟವನ್ನು ನಾನು ಮೊದಲ ಸಲ ಓದಿದ್ದು ಆಗಲೇ. ದಿನದ ಬಹುಪಾಲು ಅವಳನ್ನು ಉಳಿದ ಮಕ್ಕಳಿಂದ ದೂರ ಬೇರೆ ಕೋಣೆಯಲ್ಲಿ ಇಡುವುದಕ್ಕೆ ನಾನೇ ಒಪ್ಪಿದ್ದೆ. ಎರಡು ವರ್ಷವೂ ಒಪ್ಪಿದ್ದೆ. ಅವಳು ದಿನಾ ಹೋಗಿ ಏನು ಮಾಡುತ್ತಾಳೆ ಎಂದು ನನಗೆ ಗೊತ್ತಿಲ್ಲದೆ ಒಪ್ಪಿದ್ದೆ. ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದವಳಿಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಅವಳನ್ನು ಎಲ್ಲ ಮಕ್ಕಳ ಕ್ಲಾಸಿಗೆ ಸೇರಿಸಲು ಇನ್ನೊಂದು ವರ್ಷ ಹಿಡಿಯಿತು. ಎಷ್ಟು ಇಮೇಲ್, ಎಷ್ಟು ಮೀಟಿಂಗ್. ಆ ಮೇಜಿನ ಸುತ್ತ ನನಗೆ ಹೆಸರೂ ಇಲ್ಲ, ಎಲ್ಲರೂ ‘ಮಾಮ್’, ಅಂದರೆ ಅಮ್ಮ, ಎನ್ನುತ್ತಾರೆ. ‘ಮಾಮ್‌ಗೆ ಏನನ್ನಿಸುತ್ತೆ?’ ಎಂದು ನನ್ನನ್ನೇ ನೋಡಿಕೊಂಡು ಕೇಳುತ್ತಾರೆ. ಅಂತೂ ಮೂರನೇ ಕ್ಲಾಸಿನಿಂದ ಅವಳು ಎಲ್ಲರ ಜೊತೆ ಕೂತಳು. ಅರ್ಧ ದಿನ ಪಕ್ಕದಲ್ಲಿ ಸಹಾಯಕ್ಕೆ ಒಬ್ಬರು ಟೀಚರ್ ಇರುತ್ತಿದ್ದರು. ಗಣಿತ ಹೆಚ್ಚು ಬರಲಿಲ್ಲ, ಬರುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ಆದರೆ ಕ್ಲಾಸಿನ ಇಪ್ಪತ್ತೆರಡು ಮಕ್ಕಳ ಹೆಸರೂ ಬಂತು. ಯಾರು ಯಾವ ಬಣ್ಣದ ನೀರಿನ ಬಾಟಲಿ ತರುತ್ತಾರೆ ಎಂಬುದೂ ಗೊತ್ತಿತ್ತು.

ಒಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಐದನೇ ಕ್ಲಾಸಿನಲ್ಲಿ ಇವಳು ಮನೆಯಲ್ಲಿ ಊಟಕ್ಕೆ ಕೂರುವಾಗ ಹೊಸ ಅಭ್ಯಾಸ ಶುರುಮಾಡಿದಳು. ತನ್ನ ಹಳದಿ ಬ್ಯಾಗನ್ನು ಪಕ್ಕದ ಕುರ್ಚಿಯ ಮೇಲೆ ಇಡುವುದು, ನಾನು ತಟ್ಟೆ ಹಿಡಿದು ಬಂದ ಮೇಲೆ ಅದನ್ನು ಎತ್ತಿಕೊಳ್ಳುವುದು. ಅವಳಪ್ಪ ಬ್ಯಾಗ್ ತೆಗೆದು ಕೂರಲು ಹೋದರೆ ಕಿರುಚುತ್ತಿದ್ದಳು. ಇದೇನು ಹಠ ಎಂದು ನಾನು ಗದರಿದ್ದೂ ಉಂಟು. ಒಂದು ದಿನ ಊಟದ ಹೊತ್ತಿಗೆ ಶಾಲೆಗೆ ಹೋಗಿದ್ದಾಗ ಕಂಡಿತು: ಅವಳ ಕ್ಲಾಸಿನ ಒಬ್ಬ ಹುಡುಗಿ ಉದ್ದನೆಯ ಬೆಂಚಿನ ಮೇಲೆ ತನ್ನ ಬ್ಯಾಗಿಟ್ಟು ಜಾಗ ಹಿಡಿದಿದ್ದಳು. ಬೇರೆಯವರು ಬಂದರೆ ತಲೆ ಅಲ್ಲಾಡಿಸುತ್ತಿದ್ದಳು. ನನ್ನ ಮಗಳು ಟ್ರೇ ಹಿಡಿದು ನಿಧಾನವಾಗಿ ಬಂದ ಮೇಲೆ ಆ ಹುಡುಗಿ ಬ್ಯಾಗ್ ಎತ್ತಿಕೊಂಡಳು. ನಾನು ಬಾಗಿಲಿನ ಹತ್ತಿರ ನಿಂತು ಅತ್ತುಬಿಟ್ಟೆ. ನಂತರ ಕಾರಿಗೆ ಬಂದು ಮುಖ ಒರೆಸಿಕೊಂಡು ಕೆಲಸಕ್ಕೆ ಹೋದೆ.

ಅದೇ ವರ್ಷ ಊರಿನ ಶಾಲೆಗಳನ್ನೆಲ್ಲ ನಡೆಸುವ ನಮ್ಮ ಸ್ಕೂಲ್ ಬೋರ್ಡು ಹೊಸ ಯೋಜನೆ ತಂದಿತು. ಆರನೇ ಕ್ಲಾಸಿನಿಂದ ಇವಳಂಥ ಮಕ್ಕಳನ್ನೆಲ್ಲ ಒಂದೇ ಕ್ಯಾಂಪಸ್ಸಿನಲ್ಲಿ ಸೇರಿಸುವುದು, ಚಿಕ್ಕ ಬಸ್ಸು ಮನೆ ಬಾಗಿಲಿಗೇ ಬರುತ್ತದೆ, ಪರಿಣತರೆಲ್ಲ ಒಂದೇ ಕಡೆ ಸಿಗುತ್ತಾರೆ. ಕೇಳಲು ಸೊಗಸಾಗಿಯೇ ಇತ್ತು. ಬ್ಯಾಗಿಟ್ಟು ಜಾಗ ಹಿಡಿಯುವ ಹುಡುಗಿ ಮಾತ್ರ ಆ ಕ್ಯಾಂಪಸ್ಸಿನಲ್ಲಿ ಇರುವುದಿಲ್ಲ. ಬೋರ್ಡಿನ ಮುಂದೆ ಮಾತಾಡಲು ನಾನು ಹೆಸರು ಕೊಟ್ಟೆ.

ಬೋರ್ಡ್ ಮೀಟಿಂಗ್ ನೋಡದವರಿಗೆ ಹೇಳುತ್ತೇನೆ. ಏಳು ಜನ ವೇದಿಕೆಯ ಮೇಲೆ ಕೂತಿರುತ್ತಾರೆ. ಹೇಳುವವರು ಕೆಳಗೆ ಮೈಕಿನ ಮುಂದೆ ನಿಲ್ಲಬೇಕು. ಜನ ಹೆಚ್ಚಾದರೆ ತಲೆಗೆ ಒಂದೇ ನಿಮಿಷ. ಮುಗಿದ ತಕ್ಷಣ ಕೆಂಪು ದೀಪ, ಗಂಟೆ. ಅವರು ಉತ್ತರ ಕೊಡುವುದಿಲ್ಲ, ‘ಥ್ಯಾಂಕ್ಯೂ’ ಎಂದಷ್ಟೇ ಹೇಳುತ್ತಾರೆ. ಆ ವರ್ಷ ಜನ ಹೆಚ್ಚು. ಶಾಲೆಯ ಲೈಬ್ರರಿಯಿಂದ ಕೆಲವು ಪುಸ್ತಕ ತೆಗೆಯಿರಿ ಎನ್ನುವವರು, ತೆಗೆಯಬೇಡಿ ಎನ್ನುವವರು, ಎರಡು ಗುಂಪಿನವರೂ ಬೇರೆ ಬೇರೆ ಬಣ್ಣದ ಟೀ ಶರ್ಟು ಹಾಕಿಕೊಂಡು ಬರುತ್ತಿದ್ದರು. ನನ್ನ ಹತ್ತಿರ ಬಣ್ಣ ಇರಲಿಲ್ಲ. ಆಫೀಸಿನ ಬಟ್ಟೆಯಲ್ಲೇ ಹೋಗುತ್ತಿದ್ದೆ.

ನಾನು ಹೆಸರು ಕೊಟ್ಟಿದ್ದ ಮೀಟಿಂಗಿಗೆ ನಮ್ಮ ಕನ್ನಡದವರೂ ಬಂದಿದ್ದರು. ಅವರ ದೂರು ಆರನೇ ಕ್ಲಾಸಿನ ಒಂದು ವರ್ಕ್‌ಶೀಟಿನ ಮೇಲೆ. ಭಾರತ ಎಂದರೆ ಒಂದು ತ್ರಿಕೋನ, ಅದರಲ್ಲಿ ಜಾತಿಯ ಮೆಟ್ಟಿಲು, ನೀನು ಅಲ್ಲಿ ಹುಟ್ಟಿದ್ದರೆ ಯಾವ ಮೆಟ್ಟಿಲಲ್ಲಿ ಇರುತ್ತಿದ್ದೆ ಎಂದು ಮಕ್ಕಳು ಬರೆಯಬೇಕು. ಆ ತ್ರಿಕೋನ ಪೂರ್ತಿ ಸುಳ್ಳಲ್ಲ, ಅದು ನನಗೂ ಗೊತ್ತು, ನಮ್ಮವರಿಗೂ ಗೊತ್ತು. ಆದರೆ ಹನ್ನೊಂದು ವರ್ಷದ ಮಗುವನ್ನು ಸಹಪಾಠಿಗಳು ‘ನೀನು ಎಷ್ಟನೇ ಮೆಟ್ಟಿಲು’ ಎಂದು ಕೇಳುವ ಹಾಗೆ ಮಾಡುವುದು ಪಾಠವಲ್ಲ. ಹಿಂದಿನ ವರ್ಷ ಇಂಥದೇ ಪಠ್ಯದ ವಿಷಯಕ್ಕೆ ಈ ಗುಂಪಿನ ಜೊತೆ ನಾನು ರಾಜ್ಯದ ರಾಜಧಾನಿ ಆಸ್ಟಿನ್‌ಗೂ ಹೋಗಿದ್ದೆ. ಬೆಳಿಗ್ಗೆ ಎದ್ದು ಪುಳಿಯೋಗರೆ ಕಲಸಿ, ಮೂರೂವರೆ ಗಂಟೆ ಡ್ರೈವ್ ಮಾಡಿ, ಸಭಾಂಗಣದಲ್ಲಿ ಐದು ಗಂಟೆ ಕಾದು, ಎರಡು ನಿಮಿಷ ಮಾತಾಡಿ ಬಂದಿದ್ದೆವು. ಆವತ್ತಿನಿಂದ ನಾನು ಚೆನ್ನಾಗಿ ಮಾತಾಡುತ್ತೇನೆ ಎಂದು ಗುಂಪಿನಲ್ಲಿ ಹೆಸರು ಬಂದಿತ್ತು.

ಮೀಟಿಂಗಿನ ಸಂಜೆ ಗುಂಪಿನ ಹಿರಿಯರು, ಧಾರವಾಡದವರು, ನನ್ನ ಪಕ್ಕ ಬಂದು ಕೂತರು.

“ಮೇಡಂ, ನಮ್ಮವರು ಮಧ್ಯಾಹ್ನದೊಳಗ ಹೆಸರು ಕೊಡೂದು ಮರತುಬಿಟ್ಟಾರ್ರಿ. ಲಿಸ್ಟಿನ್ಯಾಗ ನಿಮ್ಮದೊಂದೇ ಹೆಸರು ಅದ. ನೀವ ಮಾತಾಡ್ರಿ.”

“ನಾನು ಬೇರೆ ವಿಷಯಕ್ಕೆ ಬಂದಿದೀನಿ ಅಂಕಲ್.”

“ಇರಲಿ ಬಿಡ್ರಿ, ಎರಡೂ ಹೇಳ್ರಿ. ಎರಡೂ ಮಕ್ಕಳ ವಿಷಯನ ಅಲ್ಲೇನ್ರಿ?”

ನನ್ನ ವಿಷಯ ಏನು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಗಳ ಕ್ಲಾಸಿನ ಕಥೆ ನಮ್ಮವರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಬ್ಬದ ಊಟದಲ್ಲಿ ಯಾರಾದರೂ ಆಂಟಿ “ಮಾತು ಲೇಟಷ್ಟೇ, ನಮ್ಮ ಭಾವನ ಮಗನೂ ಹಾಗೇ ಇದ್ದ, ಈಗ ಡಾಕ್ಟರು” ಎನ್ನುವರು. ನಾನು ಅದಕ್ಕೂ ಹೂಂಗುಟ್ಟಿ ಬರುತ್ತಿದ್ದೆ.

“ಆಯ್ತು ಅಂಕಲ್” ಎಂದೆ.

ಅವರ ವಿಷಯ ಮೊದಲು ಮುಗಿಸಿ ನನ್ನದಕ್ಕೆ ಬರೋಣ ಎಂದುಕೊಂಡೆ. ಮನೆಗೆ ಬಂದ ಅತಿಥಿಗೆ ಮೊದಲು ಬಡಿಸುವ ಬುದ್ಧಿ, ಅಲ್ಲಿಯೂ ಬಿಡಲಿಲ್ಲ. ಮಕ್ಕಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಬೇಡಿ ಎಂದು ಐವತ್ತು ಸೆಕೆಂಡು ಚೆನ್ನಾಗಿಯೇ ಹೇಳಿದೆ. ‘ಇನ್ನು ನನ್ನ ಮಗಳು’ ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಥ್ಯಾಂಕ್ಯೂ ಎಂದರು. ಹಿಂದಿನ ಸಾಲುಗಳಲ್ಲಿ ನಮ್ಮವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಿಂಗಳೊಳಗೆ ಆ ವರ್ಕ್‌ಶೀಟ್ ಹೋಯಿತು. ಹೊಸ ಕ್ಯಾಂಪಸ್ಸಿನ ಯೋಜನೆ ಆವತ್ತೇ ಪಾಸಾಯಿತು. ಯಾರನ್ನೂ ಬೈಯುವ ಹಾಗಿರಲಿಲ್ಲ. ಬೈಯುವುದಕ್ಕೆ ನನ್ನಲ್ಲಿ ಶಕ್ತಿಯೂ ಇರಲಿಲ್ಲ.

ಬೋರ್ಡು ಏನೇ ಪಾಸು ಮಾಡಿದರೂ ಒಂದೊಂದು ಮಗುವಿನ ವಿಷಯ ಶಾಲೆಯ ಮೀಟಿಂಗಿನಲ್ಲೇ ತೀರ್ಮಾನವಾಗಬೇಕು. ಅಪ್ಪ ಅಮ್ಮ ಒಪ್ಪದಿದ್ದರೆ ಹತ್ತು ದಿನದೊಳಗೆ ಮತ್ತೆ ಸೇರಬೇಕು. ವಸಂತದಲ್ಲಿ ನಮ್ಮ ಮೀಟಿಂಗ್ ಬಂತು. ಗಂಡ ಯೂಲೆಸ್‌ನ ಆಫೀಸಿನಿಂದ ಬರುತ್ತಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಫೋನಿನಲ್ಲಿ ಸೇರಿದರು. ಈ ಸಲ ಮಗಳನ್ನೂ ಕರೆಸಿದ್ದರು. ಮೀಟಿಂಗ್ ನಡೆಸುವಾಕೆ ಒಳ್ಳೆಯ ಹೆಂಗಸು, ಮಂಡಿಯೂರಿ ಕೂತು ಅವಳ ಮುಖಕ್ಕೆ ಮುಖ ಕೊಟ್ಟು ಕೇಳಿದರು: ಹೊಸ ಶಾಲೆಗೆ ಹೋಗ್ತೀಯಾ? ಚಿಕ್ಕ ಕ್ಲಾಸು, ಗಲಾಟೆ ಇಲ್ಲ, ಇಷ್ಟಾನಾ?

ಮಗಳು ನನ್ನ ಮುಖ ನೋಡಿದಳು. ಆಮೇಲೆ ಹೂಂ ಎಂದು ತಲೆಯಾಡಿಸಿದಳು.

ವಿದ್ಯಾರ್ಥಿನಿ ಒಪ್ಪಿದ್ದಾಳೆ ಎಂದು ಟೈಪ್ ಮಾಡಿಕೊಳ್ಳುವ ಸದ್ದು ಕೇಳಿಸಿತು. “ಅವಳೇ ಹೂಂ ಅಂತಿದಾಳಲ್ಲ, ಸೈನ್ ಮಾಡ್ಬಿಡು, ಮುಂದೆ ನೋಡ್ಕೊಳೋಣ” ಎಂದು ಗಂಡ ಫೋನಿನಲ್ಲಿ ಕನ್ನಡದಲ್ಲಿ ಹೇಳಿದರು. ಅವರಿಗೂ ಸಾಕಾಗಿತ್ತು. ಪೆನ್ನು ಕೈಗೆ ಬಂತು. ನನಗೆ ಸ್ವಲ್ಪ ಟೈಮ್ ಬೇಕು ಎಂದೆ. ಹತ್ತು ದಿನ ಸಿಕ್ಕಿತು.

ಮನೆಗೆ ಬಂದು ಅವಳಿಗೆ ಅನ್ನ ಸಾರು ಕಲಸಿಕೊಡುತ್ತಾ ಕೇಳಿದೆ. “ಹಾಗಲಕಾಯಿ ಹಾಕ್ಲಾ ಪುಟ್ಟಿ?” ಹೂಂ. ಅವಳು ಹಾಗಲಕಾಯಿ ಕಂಡರೆ ಎದ್ದು ಓಡುವವಳು. “ನಾಳೆ ಸ್ಕೂಲಿಗೆ ರಜಾ ಹಾಕೋಣ್ವಾ?” ಹೂಂ. “ಈ ಹಳದಿ ಬ್ಯಾಗ್ ಬಿಸಾಕ್ಲಾ?” ಬ್ಯಾಗನ್ನು ಎದೆಗೆ ಅವಚಿಕೊಂಡೇ ಹೂಂ ಎಂದಳು.

ಅದನ್ನು ಕಲಿಸಿದ್ದು ನಾನೇ. ಟೀಚರು ಏನು ಹೇಳಿದರೂ ಹೂಂ ಅನ್ನಬೇಕು ಎಂದು ಮೂರನೇ ಕ್ಲಾಸಿನಿಂದ ಪ್ರತಿ ಬೆಳಿಗ್ಗೆ ತಲೆ ಬಾಚುತ್ತಾ ಹೇಳುತ್ತಿದ್ದೆ. ಹಠಮಾರಿ ಎನ್ನಿಸಿಕೊಂಡರೆ ಕ್ಲಾಸಿನಿಂದ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ ನನಗೆ. ಎಷ್ಟು ಚೆನ್ನಾಗಿ ಕಲಿತಿದ್ದಳು.

ಹತ್ತು ದಿನದಲ್ಲಿ ಆ ಪಾಠವನ್ನು ಅಳಿಸಲು ಹೊರಟೆ. ಊಟಕ್ಕೆ, ಬಟ್ಟೆಗೆ, ಟಿವಿಗೆ, ಎಲ್ಲದಕ್ಕೂ ಬೇಡದ್ದನ್ನೇ ತೋರಿಸಿ “ನೋ ಅನ್ನು” ಎಂದು ಹೇಳಿಕೊಟ್ಟೆ. ಅವಳು ನೋ ಅಂದಾಗೆಲ್ಲ ದ್ರಾಕ್ಷಿ ಕೊಡುತ್ತಿದ್ದೆ. ಆರನೇ ದಿನ ತಾನಾಗಿಯೇ ಅಂದಳು. ಏಳನೇ ದಿನ ಸ್ನಾನಕ್ಕೆ ನೋ, ಹಲ್ಲುಜ್ಜಲು ನೋ, ಅಪ್ಪನಿಗೆ ನೋ. ಗಂಡ ತಲೆ ಚಚ್ಚಿಕೊಂಡರು. ನನಗೆ ಮಾತ್ರ ಪರೀಕ್ಷೆಗೆ ಓದಿಸಿ ಮುಗಿಸಿದಷ್ಟು ನೆಮ್ಮದಿ. ನಾನು ಹೇಳಲಾಗದ್ದನ್ನು ಇವಳು ಹೇಳಿಬಿಡುತ್ತಾಳೆ, ನಾನು ಪಕ್ಕದಲ್ಲಿ ಕೂತಿದ್ದರಾಯಿತು ಎಂಬ ಲೆಕ್ಕ ಒಳಗೆಲ್ಲೋ ಇತ್ತು.

ಎರಡನೇ ಮೀಟಿಂಗಿಗೆ ಮಗಳು ಬಂದು ಕೂತವಳೇ ಪಕ್ಕದ ಖಾಲಿ ಕುರ್ಚಿಯ ಮೇಲೆ ಬ್ಯಾಗ್ ಇಟ್ಟಳು. ಮಾತು ಕಲಿಸುವ ಟೀಚರು ಅಲ್ಲಿ ಕೂರಲು ಬಂದಾಗ ಬ್ಯಾಗಿನ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದಳು. ಅವರು ನಕ್ಕು ಬೇರೆ ಕಡೆ ಕೂತರು. ನಾನು ಕಾಗದಪತ್ರ ಇಟ್ಟುಕೊಂಡು ಮೇಜಿನ ಆ ತುದಿಯಲ್ಲಿದ್ದೆ.

ಅದೇ ಹೆಂಗಸು ಮತ್ತೆ ಕೇಳಿದರು. ಹೊಸ ಶಾಲೆಗೆ ಹೋಗ್ತೀಯಾ?

“ನೋ” ಎಂದಳು. ಗಟ್ಟಿಯಾಗಿ, ಸ್ಪಷ್ಟವಾಗಿ.

ಆಕೆ ಮೋಸವೇನೂ ಇಲ್ಲದೆ ಇನ್ನೊಂದು ಪ್ರಶ್ನೆ ಕೇಳಿದರು. ಹಾಗಾದರೆ ಈಗಿರುವ ಫ್ರೆಂಡ್ಸ್ ಜೊತೆ ಇರ್ತೀಯಾ?

“ನೋ” ಎಂದಳು. ಅಂದವಳೇ ದ್ರಾಕ್ಷಿ ಬರುತ್ತದೆಂದು ನನ್ನ ಕಡೆ ನೋಡಿದಳು.

ಎಲ್ಲರೂ ನನ್ನನ್ನು ನೋಡುತ್ತಿದ್ದರು, ಕರುಣೆಯಿಂದಲೇ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಬಾಯಿ ಬಿಟ್ಟು ಹೇಳಬೇಕಾಗಿದ್ದ ಒಂದು ಮಾತನ್ನು ಈ ಮಗುವಿನ ತಲೆಗೆ ಹೊರಿಸಿ ಕರೆತಂದಿದ್ದೆ. ಅವಳ ಉತ್ತರ ಮೇಜಿನ ಆ ಕಡೆ, ಕುರ್ಚಿಯ ಮೇಲಿನ ಬ್ಯಾಗಿನಲ್ಲಿ, ಎಲ್ಲರಿಗೂ ಕಾಣುವ ಹಾಗೆಯೇ ಇತ್ತು. ಅದನ್ನು ಓದಿ ಹೇಳುವವಳು ಆ ಕೋಣೆಯಲ್ಲಿ ನಾನೊಬ್ಬಳೇ.

ಪೆನ್ನು ತೆಗೆದುಕೊಂಡು ಎರಡನೆಯ ಚೌಕಕ್ಕೆ ಟಿಕ್ ಹಾಕಿದೆ. “ನಾನು ಒಪ್ಪುವುದಿಲ್ಲ” ಎಂದು ಬಾಯಲ್ಲೂ ಹೇಳಿದೆ. ಕಾರಣ ಬರೆಯಲು ಕೆಳಗೆ ನಾಲ್ಕು ಗೆರೆ ಇತ್ತು. ಓದಿಕೊಂಡು ಬಂದಿದ್ದ ಕಾನೂನಿನ ಮಾತೊಂದೂ ನೆನಪಾಗಲಿಲ್ಲ. ಊಟದ ಹೊತ್ತಿನಲ್ಲಿ ಇಲ್ಲಿ ನನ್ನ ಮಗಳಿಗೆ ಒಬ್ಬರು ಜಾಗ ಹಿಡಿದಿಟ್ಟಿರುತ್ತಾರೆ, ಎಂದು ಬರೆದೆ.

ಇಷ್ಟೇನಾ ಎಂದು ಆಕೆ ಕೇಳಿದರು. ಇಷ್ಟೇ ಎಂದೆ.

ಆ ವ್ಯಾಜ್ಯ ಇನ್ನೂ ಮುಗಿದಿಲ್ಲ. ಆಮೇಲೆ ಮತ್ತೆ ಮೂರು ಮೀಟಿಂಗ್ ಆಗಿವೆ, ಮುಂದಿನ ತಿಂಗಳು ಇನ್ನೊಂದಿದೆ. ಸದ್ಯಕ್ಕೆ ಅವಳು ಇದ್ದ ಮಕ್ಕಳ ಜೊತೆಯೇ ಇದ್ದಾಳೆ. ನನಗೆ ದಣಿವಾಗಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಆವತ್ತು ಕಾಗದವನ್ನು ಆಕೆಯ ಕೈಗೆ ಕೊಟ್ಟು ಮೇಜು ಸುತ್ತಿ ಬಂದೆ. ಮಗಳು ಕುರ್ಚಿಯ ಮೇಲಿಂದ ಬ್ಯಾಗ್ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಕೂತೆ.